ಸಿಬ್ಬಂದಿ ಪಟ್ಟಿಯ ಏಳನೆಯವಳು

ಕನ್ನಡಕದವನು ಒಳಗೆ ಬರದೆ ಬಾಗಿಲಲ್ಲೇ ನಿಂತು ಕೆಮ್ಮಿದ. ಕೆಮ್ಮು ಬಂದು ಕೆಮ್ಮಿದ್ದಲ್ಲ ಎಂದು ಅವಳಿಗೆ ತಿಳಿಯಿತು. ಒಂದು ಹನಿ ಎಂಜಲು ಹಾರಿದರೆ ಒಂದು ಮೊಕದ್ದಮೆಯೇ ಬಿದ್ದುಹೋಗುವ ಈ ಅಪರಾಧ ಪ್ರಯೋಗಾಲಯದ ಕಟ್ಟಡದಲ್ಲಿ ಯಾರೂ ಸುಮ್ಮನೆ ಕೆಮ್ಮುವುದಿಲ್ಲ. ಬೆಳಗಿನಿಂದ, ಬೆಳಗಿನಿಂದೇನು, ಭಾನುವಾರದಿಂದಲೇ ಅವಳ ಮನಸ್ಸು ನೆಟ್ಟಗಿರಲಿಲ್ಲ. ಒಲೆ ಆರಿಸದೆ ಮನೆಗೆ ಬೀಗ ಹಾಕಿ ಬಂದೆನೇನೋ ಎಂಬಂಥ ಕಸಿವಿಸಿ. ಆರಿಸಿದ್ದು ನೆನಪಿದೆ, ಗುಂಡಿ ತಿರುಗಿಸಿದ್ದು ಬೆರಳಿಗೂ ನೆನಪಿದೆ, ಆದರೂ ಬಸ್ಸಿನಲ್ಲಿ ಮೂರು ನಿಲ್ದಾಣದುದ್ದಕ್ಕೂ ಅದನ್ನೇ ಯೋಚಿಸಿದ್ದಳು. ಈಗ ಇವನ ಕೆಮ್ಮು. ಇವನ ಕೆಲಸ ಗುಣಮಟ್ಟದ ಪರಿಶೀಲನೆ. ಅವಳ ವಿಭಾಗದಿಂದ ಹೊರಡುವ ಪ್ರತಿಯೊಂದು ರಿಪೋರ್ಟೂ ಇವನ ಕಣ್ಣು ದಾಟಿಯೇ ಹೋಗಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಅವಳ ಒಂದು ರಿಪೋರ್ಟೂ ಹಿಂದಕ್ಕೆ ಬಂದಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ತನ್ನನ್ನು ಚೊಕ್ಕಮ್ಮ ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ತಮಾಷೆಗೆ ಇಟ್ಟ ಹೆಸರಾದರೂ ಕೇಳಿದಾಗ ಒಳಗೊಳಗೇ ಹಿಗ್ಗುತ್ತಿದ್ದಳು, ಮೇಲೆ ಮಾತ್ರ ಮುಖ ಗಂಟು ಹಾಕಿಕೊಳ್ಳುತ್ತಿದ್ದಳು.

ಏರ್‌ಬ್ಯಾಗಿನ ರಿಪೋರ್ಟು, ಎಂದು ಅವನು ಶುರು ಮಾಡಿದ. ಅಪಘಾತವಾದ ಕಾರಿನಲ್ಲಿ ಚಾಲಕನ ಮುಂದೆ ಉಬ್ಬಿ ಸಿಡಿಯುವ ಆ ಬಿಳಿ ಚೀಲ. ಮೂರು ವಾರದ ಹಿಂದೆ ಅದರ ಮೇಲಿದ್ದ ಎಂಜಲಿನ ಕಲೆಯನ್ನು ಅವಳೇ ಕತ್ತರಿಸಿ ತೆಗೆದು ಡಿಎನ್‌ಎ ಬಿಡಿಸಿದ್ದಳು. ಚಿಕ್ಕ ಕಲೆ, ಪೂರ್ತಿ ಖರ್ಚಾಗಿತ್ತು. ಆರೋಪಿಯ ರಕ್ತದ ಜೊತೆ ಹೋಲಿಸಿದಾಗ ತಾಳೆಯಾಗಲಿಲ್ಲ. ಆರೋಪಿ ಗಂಡಸು, ಕಲೆ ಹೆಂಗಸಿನದು. ಅಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಇವನ ಮೇಜಿಗೆ ಕಳಿಸಿದ್ದಳು. ಈಗ ಕನ್ನಡಕದವನು ಹೇಳುತ್ತಿದ್ದುದು ಬೇರೆ. ಕಟ್ಟಡದಲ್ಲಿ ಕೆಲಸ ಮಾಡುವವರೆಲ್ಲ, ನಿರ್ದೇಶಕರಿಂದ ಹಿಡಿದು ನೆಲ ಒರೆಸುವವರತನಕ, ತಮ್ಮ ಡಿಎನ್‌ಎಯನ್ನು ಒಂದು ಪಟ್ಟಿಗೆ ಕೊಟ್ಟಿರುತ್ತಾರೆ. ಯಾರದಾದರೂ ಕೂದಲೋ ಎಂಜಲೋ ತಪ್ಪಿ ಸ್ಯಾಂಪಲ್ಲಿಗೆ ಬಿದ್ದಿದ್ದರೆ ಕಂಪ್ಯೂಟರು ಹಿಡಿದುಕೊಡಲಿ ಎಂದು. ಅದು ಹಿಡಿದುಕೊಟ್ಟಿದೆ. ಡಿಎನ್‌ಎಯಲ್ಲಿ ಹೋಲಿಸಿ ನೋಡುವ ಹದಿನಾರು ಸ್ಥಾನಗಳಲ್ಲಿ ಓದಲು ಬಂದದ್ದು ಒಂಬತ್ತು, ಆ ಒಂಬತ್ತರಲ್ಲಿ ಆರು ಕಡೆ ಪಟ್ಟಿಯ ಏಳನೆಯ ಸಂಖ್ಯೆಗೆ ಹೊಂದುತ್ತದೆ. ಏಳನೆಯ ಸಂಖ್ಯೆ ಅವಳದು.

ಅವಳ ಕಿವಿ ಬಿಸಿಯಾಯಿತು. ಅವನು ದನಿ ತಗ್ಗಿಸಿ, ಎಲ್ಲರಿಗೂ ಆಗುವುದೇ, ಕಲಬೆರಕೆ ಫಾರಂ ಒಂದು ತುಂಬಿ ಸಹಿ ಹಾಕಿದರೆ ಮುಗಿಯಿತು, ಸ್ಯಾಂಪಲ್ ಲೆಕ್ಕಕ್ಕಿಲ್ಲ ಎಂದು ಬರೆದು ಕಳಿಸಿದರಾಯಿತು ಎಂದ. ಆ ತಗ್ಗಿದ ದನಿಯನ್ನೇ ಅವಳಿಗೆ ತಡೆಯಲಾಗಲಿಲ್ಲ. ಏಳು ವರ್ಷದ ಹಿಂದೆ ಇದೇ ಮನುಷ್ಯನ ಗಡ್ಡದ ಒಂದು ಕೂದಲು ಒಂದು ಕೊಲೆಯ ಸ್ಯಾಂಪಲ್ಲಿನಲ್ಲಿ ಸಿಕ್ಕಿತ್ತು. ಆಗ ಇವನು ಅವಳ ಕೆಳಗೆ ಕೆಲಸ ಮಾಡುತ್ತಿದ್ದ. ಹೆಂಡತಿ ಹೆರಿಗೆಗೆ ಹೋಗಿದ್ದಾಳೆ, ನಿದ್ದೆಯಿಲ್ಲ, ಇದೊಂದು ಸಲ ಹೊಟ್ಟೆಗೆ ಹಾಕಿಕೊಳ್ಳಿ ಮೇಡಂ ಎಂದು ಇದೇ ಬಾಗಿಲಲ್ಲಿ ನಿಂತು ಕೇಳಿದ್ದ. ಅವಳು ಎರಡು ಪುಟ ವರದಿ ಬರೆದು ಮೇಲಕ್ಕೆ ಕಳಿಸಿದ್ದಳು. ಒಂದು ವರ್ಷ ಅವನನ್ನು ಕೇಸುಗಳಿಂದ ದೂರ ಇಟ್ಟು ನೆಲಮಾಳಿಗೆಯಲ್ಲಿ ಗಾಜಿನ ಬಾಟಲಿ ತೊಳೆಯಲು ಹಾಕಿದ್ದರು. ಬರೆದ ದಿನ ಅವಳು ಚೆನ್ನಾಗಿ ಊಟ ಮಾಡಿದ್ದಳು, ಚೆನ್ನಾಗಿ ನಿದ್ದೆಯನ್ನೂ ಮಾಡಿದ್ದಳು. ಈಗ ಅವನು ಆ ಹಳೆಯದನ್ನು ಒಂದು ಮಾತಿನಿಂದಲೂ ಎತ್ತದೆ, ಜ್ವರ ಬಂದವರ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಿದ್ದಾನೆ. ಎತ್ತಿ ಆಡಿದ್ದರೆ ಒಳ್ಳೆಯದಿತ್ತು. ಅವಳು ಅವನ ಕೈಯಿಂದ ಹಾಳೆಯನ್ನು ಕಿತ್ತುಕೊಂಡಳು ಎನ್ನುವಷ್ಟು ಜೋರಾಗಿ ತೆಗೆದುಕೊಂಡು, ಮೇಲೆದ್ದ ಗೆರೆಗಳ ಮೇಲೆ ಬೆರಳಿಟ್ಟು, ಆರು ಹೊಂದಿದರೆ ಉಳಿದ ಮೂರರ ಗತಿಯೇನು ಎಂದು ಕೇಳಿದಳು. ಇನ್ಯಾರದೋ ಸ್ವಲ್ಪ ಬೆರೆತಿರಬೇಕು ಎಂದ. ಬೆರೆತಿಲ್ಲ, ಒಬ್ಬಳದೇ ಇದು, ಗೆರೆಗಳ ಎತ್ತರ ನೋಡಿದರೆ ನಿಮಗೇ ಗೊತ್ತಾಗಬೇಕಿತ್ತು ಎಂದಳು. ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ, 'ಇದು ನನ್ನದಲ್ಲ. ಈ ಮೂರು ಸ್ಥಾನಗಳನ್ನು ಮತ್ತೆ ಪರಿಶೀಲಿಸಿ' ಎಂದು ದುಂಡಗೆ ಬರೆದು ಸಹಿ ಮಾಡಿ, ದಿನಾಂಕವನ್ನೂ ಹಾಕಿ ಕೊಟ್ಟಳು. ಅವನು ಓದಿ ತಲೆಯಾಡಿಸಿ ಹೋದ. ಬಾಗಿಲು ಮುಚ್ಚಿದ ಮೇಲೆ ಅವಳ ಮನಸ್ಸಿಗೆ ಭಾನುವಾರದಿಂದ ಇಲ್ಲದ ಒಂದು ಹುರುಪು ಬಂದಿತ್ತು.

ಕೈ ತೊಳೆಯಲು ಅವಳಿಗೆ ನಲವತ್ತು ಸೆಕೆಂಡು ಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮುಂಚೆ ಬೇಸಿನ್ನಿನ ಮುಂದೆ ನಿಂತು ಮನಸ್ಸಿನಲ್ಲೇ ಎಣಿಸುತ್ತ, ಆರು ನನ್ನವು, ಮೂರು ನನ್ನವಲ್ಲ, ಆರು ನನ್ನವು, ಮೂರು ನನ್ನವಲ್ಲ ಎಂದು ಅದನ್ನೇ ಜಪಿಸುತ್ತಿದ್ದವಳು ಕನ್ನಡಿಯಲ್ಲಿ ತಲೆಯೆತ್ತಿ ನೋಡಿದಳು. ಗದ್ದದ ನಡುವೆ ಅಮ್ಮನಿಂದ ಬಂದ ಸಣ್ಣ ಗುಳಿ. ಅಕ್ಕತಂಗಿ ಇಬ್ಬರದ್ದೂ ಒಂದೇ ಅಚ್ಚು ಎಂದು ಕಂಡವರೆಲ್ಲ ಅನ್ನುತ್ತಿದ್ದರು. ಹನ್ನೊಂದು ವರ್ಷದ ಅಂತರವಿಲ್ಲದಿದ್ದರೆ ಅವಳಿ ಎನ್ನಬಹುದಿತ್ತು ಎಂದು. ತಂಗಿಯ ಗದ್ದ ಭಾನುವಾರ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹೊಸ ಚರ್ಮ. ಅದಕ್ಕೂ ಐದು ವಾರ ಮುಂಚಿನ ಇನ್ನೊಂದು ಭಾನುವಾರ ಅವಳು ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡು ಬಂದು, ಬಚ್ಚಲಲ್ಲಿ ಜಾರಿದೆ ಅಕ್ಕ ಎಂದು ಗದ್ದ ತೋರಿಸಿದ್ದಳು, ಮುಂಗೈಯನ್ನೂ ತೋರಿಸಿದ್ದಳು. ಬಿದ್ದ ಗಾಯವಲ್ಲ ಅದು. ಉಜ್ಜಿ, ಸುಟ್ಟ ಹಾಗೆ ಕೆಂಪಗೆ ಕಂದಿದ್ದ ಗಾಯ. ಅಂಥ ಗಾಯದ ಫೋಟೋಗಳನ್ನು ಹೊಸಬರಿಗೆ ಪಾಠ ಮಾಡುವಾಗ ವರ್ಷಕ್ಕೆರಡು ಸಲ ತಾನೇ ಗೋಡೆಯ ಮೇಲೆ ತೋರಿಸುತ್ತಾಳೆ, ಏರ್‌ಬ್ಯಾಗ್ ಹೊಡೆದರೆ ಹೀಗಾಗುತ್ತದೆ, ಗದ್ದ ನೋಡಿ, ಮುಂಗೈ ನೋಡಿ ಎಂದು. ಅವತ್ತು ಹತ್ತಿಯಲ್ಲಿ ಔಷಧಿ ಅದ್ದಿ, ಹುಷ್, ಅಲುಗಾಡಬೇಡ ಎಂದು ಗದರಿಸುತ್ತ, ಒರೆಸಿ, ಮುಲಾಮು ಹಚ್ಚಿ, ಹತ್ತಿಯನ್ನು ಕಸದ ಬುಟ್ಟಿಗೆ ಎಸೆದಿದ್ದಳು. ನೀರು ಹರಿಯುತ್ತಲೇ ಇತ್ತು. ನಲವತ್ತು ಎಂದೋ ದಾಟಿಹೋಗಿತ್ತು.

ಒಡಹುಟ್ಟಿದವರಲ್ಲಿ ಎಷ್ಟು ಸ್ಥಾನ ಹೊಂದುತ್ತವೆ, ಎಷ್ಟು ಹೊಂದುವುದಿಲ್ಲ ಎಂಬುದು ಅವಳಿಗೆ ಬಾಯಿಪಾಠ. ಯಾರಾದರೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಬೆಳಿಗ್ಗೆ ಮಾತ್ರ ಹೊಳೆಯಲಿಲ್ಲ. ಬೆಳಿಗ್ಗೆ ಅವಳ ಕಣ್ಣಿಗೆ ಕಂಡದ್ದು ಕನ್ನಡಕದವನ ಕನಿಕರ ಒಂದೇ. ಆ ಮೂರು ಸ್ಥಾನಗಳನ್ನು ಯಾರೂ ಕೇಳಿರಲಿಲ್ಲ. ಯಾರಿಗೂ ಬೇಕಿರದಿದ್ದುದನ್ನು ತಾನೇ ಬೆರಳಿಟ್ಟು ತೋರಿಸಿ, ದುಂಡಗೆ ಬರೆದು, ದಿನಾಂಕ ಹಾಕಿ ಕೊಟ್ಟಿದ್ದಾಳೆ. ಊಟದ ಡಬ್ಬಿಯನ್ನು ತೆರೆದು ನೋಡಿ, ಮುಚ್ಚಿ ಚೀಲಕ್ಕೆ ಹಾಕಿದಳು.

ಕೇಸಿನ ವಿವರ ಪರೀಕ್ಷೆ ಮಾಡುವವರಿಗೆ ತಿಳಿಯಬಾರದೆಂಬುದು ಅಲ್ಲಿನ ನಿಯಮ. ಅವರಿಗೆ ಸಿಗುವುದು ಸಂಖ್ಯೆ ಮಾತ್ರ. ಪೊಲೀಸರ ಪತ್ರ ಕೆಳಗೆ ಗುಮಾಸ್ತರ ಬೀರುವಿನಲ್ಲಿರುತ್ತದೆ. ಈ ನಿಯಮವನ್ನು ಮುರಿಯುವವರ ಕಿವಿ ಹಿಂಡುತ್ತಿದ್ದವಳು ಅವಳೇ. ಗುಮಾಸ್ತರು ಪತ್ರ ಕೇಳಿದವಳ ಮುಖವನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ, ಏನೂ ಕೇಳದೆ ತೆಗೆದುಕೊಟ್ಟರು. ಮೂರೇ ಪ್ಯಾರಾ. ಬೆಳಗಿನ ಐದೂವರೆಗೆ ರಸ್ತೆ ಗುಡಿಸುತ್ತಿದ್ದ ಹೆಂಗಸಿಗೆ ಕಾರು ಬಡಿದಿದೆ, ಸ್ಥಳದಲ್ಲೇ ಸತ್ತಿದ್ದಾಳೆ. ಕಾರನ್ನು ಅರ್ಧ ಮೈಲು ಆಚೆ ಬಿಟ್ಟು ಓಡಿಸಿದವರು ಪರಾರಿ. ಕಾರು ಒಂದು ಪೀಠೋಪಕರಣ ಕಂಪನಿಯದು; ಆ ಕಂಪನಿಯ ಹೆಸರಿದ್ದ ಕ್ಯಾಲೆಂಡರು ಇವಳ ಅಡುಗೆಮನೆಯಲ್ಲೇ ನೇತಾಡುತ್ತಿದೆ, ಅಲ್ಲಿ ನೌಕರಿಯಲ್ಲಿರುವ ತಂಗಿ ಕೊಟ್ಟದ್ದು. ಕೀಲಿಯ ಜವಾಬ್ದಾರಿ ಕಂಪನಿಯ ಡ್ರೈವರನದು, ಆದ್ದರಿಂದ ಅವನು ಬಂಧನದಲ್ಲಿದ್ದಾನೆ. ತಾನು ಮನೆಯಲ್ಲಿ ಮಲಗಿದ್ದೆ ಎನ್ನುತ್ತಾನೆ, ಹೆಂಡತಿಯ ಹೊರತು ಸಾಕ್ಷಿಯಿಲ್ಲ. ಆ ಹೆಂಡತಿ ಪ್ರತಿ ಸೋಮವಾರ ಬರುತ್ತಾಳಲ್ಲ ಮೇಡಂ, ಎಂದು ಗುಮಾಸ್ತರು ತಾವಾಗಿಯೇ ಹೇಳಿದರು. ರಿಪೋರ್ಟು ಬಂತಾ ಎಂದು ಕೇಳುತ್ತಾಳೆ, ಬಂದಿಲ್ಲ ಅಂದರೆ ಸ್ವಲ್ಪ ಹೊತ್ತು ಕೂತು ಹೋಗುತ್ತಾಳೆ, ಗಲಾಟೆ ಇಲ್ಲ, ಪಾಪ. ಇವಳಿಗೆ ನೆನಪಾಯಿತು. ಕಳೆದ ಸೋಮವಾರ ಒಬ್ಬ ಹೆಂಗಸು ಕೆಳಗಿನ ಬೆಂಚಿನಲ್ಲಿ, ಚೀಲವನ್ನು ಪಕ್ಕದ ಸ್ಯಾಂಪಲ್ ಕೋಣೆಯ ಬಾಗಿಲಿಗೆ ಒರಗಿಸಿ ಕೂತಿದ್ದಳು. ಬಾಗಿಲು ಮುಟ್ಟಬಾರದು, ಚೀಲ ತೆಗಿ ಅಂದಿದ್ದಳು ಇವಳು. ಆ ಹೆಂಗಸು ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಚೀಲ ಇಟ್ಟ ಜಾಗವನ್ನು ಇವಳು ಒರೆಸಿಸಿದ್ದಳು ಕೂಡ.

ತಂಗಿಗೆ ಫೋನು ಮಾಡಿ ಏನು ಕೇಳಬೇಕೆಂದು ತಿಳಿಯದೆ, ಗದ್ದ ಹೇಗಿದೆ ಎಂದಳು. ತಂಗಿ, ಸಂಜೆ ಬರ್ತೀನಿ ಅಕ್ಕ, ನೀನು ಬಿಡುವ ಹೊತ್ತಿಗೆ ಅಲ್ಲಿಗೇ ಬರ್ತೀನಿ ಎಂದಳು. ಅಮ್ಮ ಹಾಸಿಗೆ ಹಿಡಿದಾಗ ಇವಳಿಗೆ ಹದಿನಾಲ್ಕು, ತಂಗಿಗೆ ಮೂರು. ಸ್ನಾನ, ಜಡೆ, ಅಕ್ಷರ, ಎಲ್ಲವೂ ಇವಳ ಕೈಯಲ್ಲೇ. ಚಳಿಗಾಲ ಬಂತೆಂದರೆ ಮಗುವಿಗೆ ಎದೆ ಕಟ್ಟುತ್ತಿತ್ತು. ಕಂದು ಬಣ್ಣದ ಕಹಿ ಔಷಧಿ. ತುಟಿ ಬಿಗಿದು ಕೂತರೆ ಅಪ್ಪನಿಂದಾಗಲೀ ಡಾಕ್ಟರಿಂದಾಗಲೀ ಬಿಡಿಸಲು ಆಗುತ್ತಿರಲಿಲ್ಲ. ಇವಳು ಚಮಚ ಹಿಡಿದು, ಬಾಯಿ ತೆಗಿ ಪುಟ್ಟಿ ಅನ್ನಬೇಕು, ಅಂದು ತಾನೂ ಬಾಯಿ ತೆಗೆಯಬೇಕು. ಆಗ ತೆರೆಯುತ್ತಿತ್ತು ಆ ಬಾಯಿ. ನೀನ್ಯಾಕೆ ಬಾಯಿ ತೆಗೀತೀಯ, ಔಷಧಿ ನಿನಗಾ ಎಂದು ಅಪ್ಪ ನಗುತ್ತಿದ್ದರು. ಭಾನುವಾರ ಬಟ್ಟೆ ಮಡಿಸುತ್ತ ಕೂತಿದ್ದಾಗ ತಂಗಿ, ನಿಮ್ಮ ಲ್ಯಾಬಲ್ಲಿ ತಪ್ಪು ಅಂತ ಆಗೋದೇ ಇಲ್ವಾ ಎಂದು ಕೇಳಿದ್ದಳು. ನನ್ನಿಂದಂತೂ ಆಗಿಲ್ಲ ಎಂದು ಇವಳು ಜಂಬದಿಂದ ಸಿಬ್ಬಂದಿ ಪಟ್ಟಿಯ ಕತೆ, ಕಲಬೆರಕೆ ಫಾರಂನ ಕತೆ, ಕನ್ನಡಕದವನ ಗಡ್ಡದ ಕತೆ ಎಲ್ಲವನ್ನೂ ಹೇಳಿದ್ದಳು. ತಂಗಿ ದಿಂಬಿನ ಚೀಲವೊಂದನ್ನು ಮಡಿಸಿ ಬಿಚ್ಚಿ ಮತ್ತೆ ಮಡಿಸಿದ್ದಳು.

ನಾಲ್ಕೂವರೆಗೆ ಕನ್ನಡಕದವನು ಮತ್ತೆ ಬಂದ, ಈ ಸಲ ಕೆಮ್ಮಲಿಲ್ಲ. ಒಳಗೆ ಬಂದು ಬಾಗಿಲು ಮುಚ್ಚಿಕೊಂಡ.

"ಬೆಳಿಗ್ಗೆ ನೀವು ಬರೆದುಕೊಟ್ಟಿದ್ದು ನನ್ನ ಹತ್ರಾನೇ ಇದೆ ಮೇಡಂ. ಫೈಲಿಗೆ ಸೇರಿಸಿಲ್ಲ," ಎಂದ. "ಮೂರು ಸ್ಥಾನಾನೂ ನೋಡಿದೆ. ನೀವು ಹೇಳಿದ್ದು ಸರಿ. ಅದು ನಿಮ್ಮದಲ್ಲ."

ಅವನು ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿದ. ಕನ್ನಡಕವಿಲ್ಲದ ಅವನ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಅವಳು ತಿಳಿದಿದ್ದಕ್ಕಿಂತ ವಯಸ್ಸಾಗಿತ್ತು.

"ಯಾರದು ಅಂತ ನಾನೇನೂ ಕೇಳಲ್ಲ," ಎಂದು ಒಂದು ಖಾಲಿ ಫಾರಂ ಮೇಜಿನ ಮೇಲಿಟ್ಟ. "ಇದಕ್ಕೊಂದು ಸೈನ್ ಹಾಕಿ. ಬೆಳಗಿನ ಹಾಳೆ ಹರಿದು ಹಾಕ್ತೀನಿ. ಯಾರೂ ಏನೂ ಅಂದುಕೊಳ್ಳಲ್ಲ."

ಅವತ್ತು ನಾನು ನಿಮ್ಮನ್ನು ಬಿಡಲಿಲ್ಲ ಎಂದಳು ಅವಳು. ದನಿ ತನ್ನದಲ್ಲವೆನ್ನಿಸಿತು.

"ಒಂದು ವರ್ಷ ಬಾಟ್ಲಿ ತೊಳೆದೆ ಮೇಡಂ. ಅಷ್ಟೇನೂ ಕಷ್ಟ ಅಲ್ಲ. ಬಿಸಿನೀರು ಬರುತ್ತೆ," ಎಂದ ಅವನು. ಚುಚ್ಚಿದನೋ ಸಮಾಧಾನ ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ. ಅವನು ಹೋದ ಮೇಲೆ ಅವಳು ಫಾರಂ ಮುಂದೆ ಕೂತಳು. ವಿಚಿತ್ರವೆಂದರೆ ಸಹಿ ಹಾಕಿದರೆ ಎಲ್ಲರೂ ಮೆಚ್ಚುತ್ತಾರೆ. ಚೊಕ್ಕಮ್ಮನೂ ಮನುಷ್ಯಳೇ, ತಪ್ಪನ್ನು ಒಪ್ಪಿಕೊಂಡಳು, ದೊಡ್ಡತನ ಅನ್ನುತ್ತಾರೆ. ಹಾಕದಿದ್ದರೆ, ನೋಡು ಸೊಕ್ಕು, ಮೂಗು ಕೊಯ್ದರೂ ಬಗ್ಗುವವಳಲ್ಲ ಅನ್ನುತ್ತಾರೆ. ಸುಳ್ಳು ಹೇಳಿದರೆ ವಿನಯ, ನಿಜ ಹೇಳಿದರೆ ಅಹಂಕಾರ. ತಂಗಿಗೋಸ್ಕರ ತನ್ನ ಹೆಸರನ್ನು ಕೆಡಿಸಿಕೊಳ್ಳುವುದರಲ್ಲಿ ಒಂದು ಸುಖವೂ ಇತ್ತು. ಅದನ್ನು ನೆನೆದು ಅವಳಿಗೆ ತನ್ನ ಮೇಲೆಯೇ ಮರುಕ ಹುಟ್ಟಿತು, ಆ ಮರುಕ ಹಿತವೆನ್ನಿಸಿತು. ಅಕ್ಕ ಅಂದರೆ ಹೀಗಿರಬೇಕು. ಆ ಚಿತ್ರದೊಳಗೆ ಡ್ರೈವರ್ ಎಲ್ಲಿಯೂ ಇರಲಿಲ್ಲ. ಕಲೆ ಹೆಂಗಸಿನದು ಎಂಬ ಒಂದು ಸಾಲು ಬಿದ್ದುಹೋದರೆ ಅವನು ಮನೆಯಲ್ಲಿ ಮಲಗಿದ್ದ ಎನ್ನಲು ಹೆಂಡತಿಯ ಬಾಯಿಮಾತಷ್ಟೇ ಉಳಿಯುತ್ತದೆ ಎಂಬುದು ನೆನಪಿಗೆ ಬಂದದ್ದು ಆಮೇಲೆ, ಮರೆತಿದ್ದ ಛತ್ರಿಯ ಹಾಗೆ.

ಕೆಳಗೆ ಸಂದರ್ಶಕರ ಬೆಂಚಿನಲ್ಲಿ ತಂಗಿ ಕೂತಿದ್ದಳು. ಸೋಮವಾರದ ಹೆಂಗಸು ಕೂರುವ ಬೆಂಚು ಅದೇ ಎಂಬುದು ಅವಳಿಗೇನು ಗೊತ್ತು. ದುಪಟ್ಟಾ ಇರಲಿಲ್ಲ, ಗದ್ದ ಬೆಳಕಿಗೆ ಚೆನ್ನಾಗಿ ಕಾಣುತ್ತಿತ್ತು. ಇವಳು ಪಕ್ಕದಲ್ಲಿ ಕೂತ ಮೇಲೆ, ಯಾರೂ ಕೇಳದಿದ್ದರೂ, ಎಂಟು ಗಂಟೆಗೆ ಬೇರೆ ಊರಲ್ಲಿ ಮೀಟಿಂಗ್ ಇತ್ತು, ಡ್ರೈವರ್ ಬರುವುದು ತಡವಾಗುತ್ತಿತ್ತು, ಕೀಲಿ ಆಫೀಸಿನ ಹಲಗೆಯಲ್ಲೇ ನೇತಾಡುತ್ತಿತ್ತು ಎಂದು ಮೆಲ್ಲಗೆ ಹೇಳಿದಳು. ಕಸದ ಗಾಡಿ ಕಂಡಿತು, ಅದರ ಹಿಂದೆ ಬಗ್ಗಿದ್ದವಳು ಕಾಣಲಿಲ್ಲ. ಕಾರಿನಿಂದ ಇಳಿಯಲು ಕಾಲು ಬರಲಿಲ್ಲ. ಆಮೇಲೆ ಸ್ವಲ್ಪ ಮುಂದೆ ಕಾರು ಬಿಟ್ಟು ನಡೆದೇ ಮನೆಗೆ ಹೋದೆ. ಇಷ್ಟು ಹೇಳಿ ನಿಲ್ಲಿಸಿದಳು. ಬಾಗಿಲಿನ ಕಾವಲುಗಾರ ಇವರ ಕಡೆ ನೋಡಿ, ಪರಿಚಯದವರೆಂದು ಬೇರೆಡೆ ತಿರುಗಿದ.

"ಅಕ್ಕ, ಅವತ್ತು ಹೇಳಿದ್ಯಲ್ಲ, ಒಂದು ಫಾರಂ ಇರುತ್ತೆ ಅಂತ."

"ಇರುತ್ತೆ."

"ಅದಕ್ಕೆ ಸೈನ್ ಹಾಕಿದ್ರೆ ನಿನಗೇನಾಗುತ್ತೆ?"

"ಒಂದು ವರ್ಷ ಬಾಟ್ಲಿ ತೊಳೆಸ್ತಾರೆ."

"ಅಷ್ಟೇನಾ?"

"ಅಷ್ಟೇ."

ತಂಗಿ ಉಸಿರು ಬಿಟ್ಟು ಅವಳ ಭುಜಕ್ಕೆ ತಲೆ ಆನಿಸಿದಳು. ಕೂದಲಿಗೆ ಹಚ್ಚಿದ ಎಣ್ಣೆಯ ವಾಸನೆ, ಚಿಕ್ಕಂದಿನದೇ. ಇವಳು ಇನ್ನೊಂದು ಪ್ರಶ್ನೆಗಾಗಿ ಕಾದಳು. ಡ್ರೈವರ್‌ಗೆ ಏನಾಗುತ್ತೆ ಅಂತ ಒಂದು ಮಾತು ಕೇಳಲಿ, ಕೇಳಿದರೆ ಸಾಕು, ಸಹಿ ಹಾಕಿಬಿಡುತ್ತೇನೆ ಎಂಬ ಅರ್ಥವಿಲ್ಲದ ಹರಕೆಯೊಂದು ಮನಸ್ಸಿನಲ್ಲಿ ಎದ್ದಿತ್ತು. ತಂಗಿ ಕೇಳಲಿಲ್ಲ. ಹಸಿವಾಗ್ತಿದೆ ಅಕ್ಕ, ಎರಡು ದಿನದಿಂದ ಊಟ ಸೇರಿಲ್ಲ ಎಂದಳು. ಮಧ್ಯಾಹ್ನದ ಡಬ್ಬಿ ಚೀಲದಲ್ಲಿ ಹಾಗೇ ಇತ್ತು. ಅದನ್ನು ತೆಗೆದು ಅವಳ ಕೈಗೆ ಕೊಟ್ಟು, ತಿನ್ನುತ್ತಿರು, ಬಂದೆ ಎಂದು ಮೇಲೆ ಹೋದಳು.

ಫಾರಂನಲ್ಲಿ 'ಕಲಬೆರಕೆ ಹೇಗಾಯಿತು' ಎಂಬ ಕಾಲಂ ಇದೆ. ಹೆಸರು, ಸಂಖ್ಯೆ, ದಿನಾಂಕ ಎಲ್ಲ ಸಲೀಸಾಗಿ ತುಂಬಿದಳು. ಆ ಕಾಲಂನಲ್ಲಿ 'ಮಾಸ್ಕ್' ಎಂದು ಬರೆದಳು. 'ಸಡಿಲವಾಗಿತ್ತು' ಎಂಬ ಒಂದು ಮಾತು ಬಾಕಿ. ಕೈ ಮುಂದೆ ಹೋಗಲಿಲ್ಲ. ಮಾಸ್ಕ್ ಸಡಿಲವಾಗಿರಲಿಲ್ಲ. ಅವತ್ತು ಎರಡು ಸಲ ಬಿಗಿದುಕೊಂಡಿದ್ದಳು, ಕಿವಿಯ ಹಿಂದೆ ದಾರದ ಗುರುತು ಸಂಜೆಯವರೆಗೂ ಉರಿಯುತ್ತಿತ್ತು. ಮುಂದೆ ಎಷ್ಟೋ ಸಲ, ಡ್ರೈವರನ ಹೆಂಡತಿಯನ್ನು ನೆನೆದು ನಿಲ್ಲಿಸಿದೆ ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದಳು. ತೊಡೆಯ ಮೇಲಿನ ಚೀಲವನ್ನು, ರಸ್ತೆ ಗುಡಿಸುತ್ತಿದ್ದವಳ ಬಗ್ಗಿದ ಬೆನ್ನನ್ನು ಆ ಗಳಿಗೆಯೊಳಕ್ಕೆ ತಂದು ಕೂರಿಸಲು ನೋಡಿದಳು. ಅವರು ಬರಲಿಲ್ಲ. ನಿಜ ಹೇಳಬೇಕೆಂದರೆ ಅವಳ ಕೈ ನಿಂತದ್ದು ಮಾಸ್ಕಿನ ಮೇಲೆ. ಅದಕ್ಕಾಗಿ ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದರೂ ಪೆನ್ನು ಮುಂದೆ ಹೋಗಲಿಲ್ಲ. ಫಾರಂ ಹರಿದು, ಡ್ರಾಯರಿನಿಂದ ಇನ್ನೊಂದು ಹಾಳೆ ತೆಗೆದಳು. ಕೇಸಿಗೆ ಸಂಬಂಧಿಕರು ಸೇರಿದ್ದರೆ ತಿಳಿಸಿ ಅದರಿಂದ ಹೊರಗುಳಿಯುವ ಹಾಳೆ. ಅಲ್ಲಿ ಯಾರೂ ಅದನ್ನು ಬಳಸಿದ್ದಿಲ್ಲ, ಅಂಚು ಹಳದಿಯಾಗಿತ್ತು. ಹೆಸರು ಬರೆದಳು. 'ಸಂಬಂಧ' ಎಂಬಲ್ಲಿ 'ತಂಗಿ' ಎಂದು ಬರೆದಳು. ಕನ್ನಡಕದವನು ಓದಿ, ಬೆಳಗಿನ ಹಾಳೆಯನ್ನು ಅದರ ಕೆಳಗಿಟ್ಟು ಪಿನ್ನು ಹೊಡೆದ. ನೀವು ಮೊದಲು ಮನೆಗೆ ಹೋಗಿ ಮೇಡಂ ಎಂದ.

ಬೆಂಚಿನಲ್ಲಿ ತಂಗಿ ಡಬ್ಬಿಯನ್ನು ಪೂರ್ತಿ ತಿಂದು ಮುಗಿಸಿದ್ದಳು. ಬರೆದು ಕೊಟ್ಟೆ, ನಾಳೆ ಹತ್ತು ಗಂಟೆಗೆ ಪೊಲೀಸರಿಗೆ ಹೋಗುತ್ತದೆ, ಅಷ್ಟರೊಳಗೆ ನೀನೇ ಹೋಗಿ ಹೇಳು, ನಾನೂ ಬರುತ್ತೇನೆ ಎಂದಳು. ತಂಗಿ ಅಳಲಿಲ್ಲ. ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಹಾಕಿದಳು.

"ನನಗಿಂತ ನಿನ್ನ ಗ್ಲೌಸೇ ನಿನಗೆ ಹೆಚ್ಚಾಯ್ತು," ಎಂದಳು.

ತಂಗಿ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಎದ್ದು ಹೋದಳು. ಮರುದಿನ ಅವಳು ಠಾಣೆಗೆ ಹೋಗಲಿಲ್ಲ. ಪೊಲೀಸರೇ ಅವಳ ಆಫೀಸಿಗೆ ಹೋದರು.

ಒಂಬತ್ತು ದಿನದ ಮೇಲೆ, ಹೋಲಿಕೆಗೆ ಎಂಜಲು ತೆಗೆಯಲು ಅವಳನ್ನು ಕರೆತಂದರು. ತೆಗೆಯುವವನು ಕನ್ನಡಕದವನು. ಕೇಸಿನಿಂದ ಹೊರಗುಳಿದವಳು ಕೋಣೆಗೆ ಹೋಗುವಂತಿಲ್ಲ, ಇವಳು ಬಾಗಿಲ ಹೊರಗೆ ನಿಂತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ತಂಗಿ ಕುರ್ಚಿಯಲ್ಲಿ ಕೂತು ತುಟಿ ಬಿಗಿದಿದ್ದಳು. ಕನ್ನಡಕದವನು ಹತ್ತಿ ಸುತ್ತಿದ ಕಡ್ಡಿ ಹಿಡಿದು, ಬಾಯಿ ತೆಗೀರಿ ಎಂದು ಎರಡು ಸಲ ಮೆತ್ತಗೆ ಹೇಳಿದ. ಜೊತೆಗೆ ಬಂದ ಮಹಿಳಾ ಪೇದೆ, ಕೋರ್ಟಿನ ಆದೇಶ ಇದೆ ಎಂದು ದನಿಯೇರಿಸಿದಳು. ತಂಗಿ ಯಾರ ಕಡೆಗೂ ನೋಡದೆ, ಎದುರಿನ ಗೋಡೆಯ ಮೇಲಿದ್ದ ಕೈ ತೊಳೆಯುವ ವಿಧಾನದ ಚಿತ್ರವನ್ನೇ ನೋಡುತ್ತಿದ್ದಳು. ಪೇದೆ ಅವಳ ಭುಜಕ್ಕೆ ಕೈ ಹಾಕಿದಳು.

ಇವಳು ಹೊಸ್ತಿಲ ತನಕ ಬಂದಳು. ದಾಟಲಿಲ್ಲ.

"ಬಾಯಿ ತೆಗಿ ಪುಟ್ಟಿ."

ತಂಗಿ ತಿರುಗಿ ನೋಡಿದಳು. ನೋಡುತ್ತಲೇ ಇದ್ದಳು. ಕಣ್ಣಿನಲ್ಲಿ ಏನಿತ್ತೆಂದು ಹೇಳುವುದು ಕಷ್ಟ, ಪ್ರೀತಿಯಂತೂ ಅಲ್ಲ. ಆಮೇಲೆ ಬಾಯಿ ತೆರೆದಳು. ಕನ್ನಡಕದವನು ಕಡ್ಡಿಯನ್ನು ಒಳಕೆನ್ನೆಗೆ ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದಷ್ಟು ಹೊತ್ತೂ ಹೊಸ್ತಿಲ ಈಚೆಗೆ ಇವಳ ಬಾಯಿಯೂ ತಾನಾಗಿ ತೆರೆದುಕೊಂಡೇ ಇತ್ತು. ಮಾಸ್ಕ್ ಬಿಗಿಯಾಗಿದ್ದುದರಿಂದ ಅದು ಯಾರಿಗೂ ಕಾಣಲಿಲ್ಲ.